ಪ್ಲೇಗಿನ ವರ್ಷದಲ್ಲಿ ಹುಟ್ಟಿದ ವರಕವಿ

ಭಾರತದ ಚರಿತ್ರೆಯಲ್ಲಿ 1896 ಮರೆಯಲಾಗದ ವರ್ಷ. ಜುಲೈ 7ರಂದು ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ ದೇಶದ ಮೊಟ್ಟಮೊದಲ ಚಲನಚಿತ್ರ ಪ್ರದರ್ಶನ ನಡೆಯಿತು. ಎರಡೇ ತಿಂಗಳಲ್ಲಿ ಅದೇ ನಗರದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡು ಜನ ಊರು ಬಿಟ್ಟು ಓಡಿದರು. ಜೊತೆಗೆ ಬರಗಾಲ. ವರ್ಷದ ಕೊನೆಗೆ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ರವೀಂದ್ರನಾಥ ಟಾಗೋರರು ವಂದೇ ಮಾತರಂ ಹಾಡಿದರು. ಮೊರಾರ್ಜಿ ದೇಸಾಯಿ, ಉರ್ದು ಕವಿ ಫಿರಾಕ್ ಗೋರಖ್‌ಪುರಿ ಹುಟ್ಟಿದ್ದೂ ಇದೇ ವರ್ಷ.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ, ಆ ವರ್ಷದ ಜನವರಿ 31ರಂದು ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಜನಿಸಿದರು. ಕಚೇರಿ, ಶಾಲೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿದ್ದ ಊರು ಅದು. ಕನ್ನಡದ ಉಳಿವಿಗಾಗಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಗಿ ಆಗಿನ್ನೂ ಆರು ವರ್ಷವೂ ತುಂಬಿರಲಿಲ್ಲ. ಬೇಂದ್ರೆಯವರ ಮನೆಮಾತು ಕೂಡ ಮರಾಠಿಯೇ. ಅಂಥ ಮನೆಯ ಮಗು ಮುಂದೆ ಕನ್ನಡದ ವರಕವಿಯಾದದ್ದು ಸಾಮಾನ್ಯ ಸಂಗತಿಯಲ್ಲ.

ಬಾಲ್ಯದಲ್ಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆ ಕಷ್ಟದಲ್ಲೇ ಮಗನನ್ನು ಬೆಳೆಸಿದರು. ಮುಂದೆ ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ಕವಿ ತಾಯಿಯ ಹೆಸರನ್ನೇ ಮೊದಲಿಟ್ಟರು. 1913ರಲ್ಲಿ ಮೆಟ್ರಿಕ್ ಮುಗಿಸಿ, ಕಾಕಾ ಅವರ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿ 1918ರಲ್ಲಿ ಬಿ.ಎ. ಪದವಿ ಪಡೆದರು. ಸುತ್ತಲೂ ಮರಾಠಿ ವಾತಾವರಣವಿದ್ದ ಪುಣೆಯಲ್ಲಿದ್ದರೂ ಅವರ ಒಲವು ಕನ್ನಡದತ್ತಲೇ ಇತ್ತು. ಧಾರವಾಡಕ್ಕೆ ಮರಳಿ ಶಿಕ್ಷಕರಾದರು. 1922ರಲ್ಲಿ ಅವರ ಸುತ್ತ ಕೂಡಿದ ಗೆಳೆಯರ ಗುಂಪು ಉತ್ತರ ಕರ್ನಾಟಕದ ಸಾಹಿತ್ಯಕ್ಕೆ ಹೊಸ ಹುರುಪು ತಂದಿತು. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ, ಹಾರುವ ಹಕ್ಕಿಯನ್ನು ಕುರಿತ ತಮ್ಮ ಕವನವನ್ನು ಅವರು ಓದಿದಾಗ ಸಭೆ ಮೈಮರೆಯಿತು. ಧಾರವಾಡದ ಆಡುಮಾತನ್ನು, ಬೀದಿಯ ಲಾವಣಿಯ ಲಯವನ್ನು ಕಾವ್ಯಕ್ಕೆ ಎತ್ತಿದ ಈ ಕವಿ ಮೈಸೂರು ಸೀಮೆಗೂ ಪರಿಚಿತರಾದರು.

ಆದರೆ ಬದುಕು ಹಾಡಿನಷ್ಟು ಸರಳವಾಗಿರಲಿಲ್ಲ. ನರಬಲಿ ಎಂಬ ಕವನಕ್ಕಾಗಿ ಬ್ರಿಟಿಷ್ ಸರಕಾರ 1932ರಲ್ಲಿ ಅವರನ್ನು ಹಿಂಡಲಗಾ ಜೈಲಿಗೆ ಕಳುಹಿಸಿತು. ಬಳಿಕ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿರಿಸಿತು. ಶಿಕ್ಷಕ ಹುದ್ದೆ ಹೋಯಿತು. ಹಲವು ವರ್ಷ ಸ್ಥಿರವಾದ ಕೆಲಸವಿಲ್ಲದೆ ಸಂಸಾರ ನಡೆಸಬೇಕಾಯಿತು. ಒಂಬತ್ತು ಮಕ್ಕಳಲ್ಲಿ ಆರನ್ನು ಕಣ್ಣೆದುರೇ ಕಳೆದುಕೊಂಡರು. ಮಗುವಿನ ಸಾವಿನ ಎದುರು ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಸಂಕಟವನ್ನು ಹೇಳುವ ಅವರ ಕವನವನ್ನು ಹಾಡುವಾಗ ಇಂದಿಗೂ ಸಭಾಗೃಹಗಳು ನಿಶ್ಶಬ್ದವಾಗುತ್ತವೆ. ಪತ್ನಿ ಲಕ್ಷ್ಮೀಬಾಯಿಯವರೊಡನೆ ಹಂಚಿಕೊಂಡ ಸುಖದುಃಖವೇ 1937ರ ಸಖೀಗೀತ. ಇಷ್ಟೆಲ್ಲದರ ನಡುವೆ 1935ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ, ಎಂ.ಎ. ಮಾಡಿಕೊಂಡರು.

ಕೊನೆಗೆ ಕೆಲಸ ಕೊಟ್ಟದ್ದು ಇಂದಿನ ಮಹಾರಾಷ್ಟ್ರದ ಸೋಲಾಪುರ. 1944ರಿಂದ 1956ರವರೆಗೆ ಅಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಬೇಂದ್ರೆಯವರು ಕನ್ನಡ ಪ್ರಾಧ್ಯಾಪಕರಾಗಿದ್ದರು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಈ ಊರು ರಾಜ್ಯ ಪುನರ್ವಿಂಗಡಣೆಯಲ್ಲಿ ಹೊರಗೇ ಉಳಿಯಿತು. ಏಕೀಕರಣಕ್ಕಾಗಿ ಹಾಡಿದ ಕವಿ ಅದೇ ವರ್ಷ ಸೋಲಾಪುರದ ಕೆಲಸ ಮುಗಿಸಿ ಧಾರವಾಡಕ್ಕೆ ಮರಳಿ, ಆಕಾಶವಾಣಿಯ ಸಲಹೆಗಾರರಾದರು.

ಮರಾಠಿಯೊಡನೆ ಅವರಿಗೆ ಜಗಳವಿರಲಿಲ್ಲ. ಆ ಭಾಷೆಯಲ್ಲೂ ಬರೆದರು. ಅವರ ಸಂವಾದ ಕೃತಿಗೆ ಮರಾಠಿಯ ಕೇಳ್ಕರ್ ಪ್ರಶಸ್ತಿ ಬಂತು. ಕನ್ನಡದಲ್ಲಿ ಅರಳು ಮರಳು ಸಂಕಲನಕ್ಕೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ನಾಕುತಂತಿಗೆ 1973ರ ಜ್ಞಾನಪೀಠ. ಅದೇ ವರ್ಷದ ಮಗುವಾದ ಫಿರಾಕ್ ಅವರಿಗೆ ಜ್ಞಾನಪೀಠ 1969ರಲ್ಲೇ ಸಂದಿತ್ತು.

ಧಾರವಾಡದ ಸಾಧನಕೇರಿಯ ಮನೆಯಲ್ಲಿ ಬಾಳಿದ ಬೇಂದ್ರೆಯವರು ಕಣ್ಮುಚ್ಚಿದ್ದು ಮಾತ್ರ ಮುಂಬಯಿಯಲ್ಲಿ, 1981ರ ಅಕ್ಟೋಬರಿನಲ್ಲಿ. ಆಗ ಅವರಿಗೆ 85 ವರ್ಷ.