ಗಣಿತಜ್ಞ ಮಹಾವೀರಾಚಾರ್ಯ

ಕೃಷ್ಣಾ ನದಿಯ ದಂಡೆಯ ಜುಗೂಳವೂ ಕಾಗಿಣಾ ತೀರದ ಮಳಖೇಡವೂ ಒಂದೇ ಅರಸೊತ್ತಿಗೆಗೆ ಒಳಪಟ್ಟಿದ್ದ ಕಾಲವೊಂದಿತ್ತು. ಅಂದಿನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. 814ರಿಂದ 878ರವರೆಗೆ ರಾಜ್ಯವಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿತು. ಅವನ ಆಳ್ವಿಕೆಯಲ್ಲಿಯೇ, ಸುಮಾರು 850ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು.

ತನ್ನ ತಾಯಿತಂದೆಯರನ್ನಾಗಲಿ ಹುಟ್ಟೂರನ್ನಾಗಲಿ ಆಚಾರ್ಯನು ಹೆಸರಿಸುವುದಿಲ್ಲ. ತೀರ್ಥಂಕರ ಮಹಾವೀರನಿಗೆ ವಂದಿಸಿ, ನೃಪತುಂಗನನ್ನು ಕೊಂಡಾಡಿ, ಒಡನೆಯೇ ಗಣಿತದ ಹಿರಿಮೆಗೆ ಬರುತ್ತಾನೆ. ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು ಇವೆಲ್ಲಕ್ಕೂ ಲೆಕ್ಕ ಬೇಕೆಂಬುದು ಆತನ ನಿಲುವು. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳಗ್ರಂಥಗಳ ಒಂದು ಭಾಗವಾಗಿ ಬರೆದಿದ್ದರು. ಈತನದಾದರೋ ಗಣಿತಕ್ಕೆಂದೇ ಮೀಸಲಾದ, ಸಾವಿರದ ನೂರಕ್ಕೂ ಮಿಕ್ಕ ಶ್ಲೋಕಗಳ ಸಂಸ್ಕೃತ ಗ್ರಂಥ.

ಅದರಲ್ಲಿ ಹಣ್ಣಿನ ಲೆಕ್ಕವೊಂದಿದೆ. 9 ಮಾದಳದ ಹಣ್ಣು ಮತ್ತು 7 ಬೇಲದ ಹಣ್ಣುಗಳ ಬೆಲೆ 107. 7 ಮಾದಳ ಮತ್ತು 9 ಬೇಲದ ಹಣ್ಣುಗಳ ಬೆಲೆ 101. ಒಂದೊಂದು ಹಣ್ಣಿನ ಬೆಲೆಯೆಷ್ಟು? ಹೀಗೆ ಎರಡು ಸಂಖ್ಯೆಗಳು ಅದಲುಬದಲಾಗಿ ಬರುವ ಲೆಕ್ಕಗಳಿಗೆ ಆಚಾರ್ಯನು ಒಂದು ಸೂತ್ರವನ್ನು ಕೊಟ್ಟಿದ್ದಾನೆ. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ 963. ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿದರೆ 707. ಇವುಗಳ ಅಂತರ 256. ಅದನ್ನು 9 ಮತ್ತು 7ರ ವರ್ಗಗಳ ಅಂತರವಾದ 32ರಿಂದ ಭಾಗಿಸಿದರೆ ಮಾದಳದ ಬೆಲೆ 8. ಮೊತ್ತಗಳನ್ನು ಅದಲುಬದಲಾಗಿ ಗುಣಿಸಿದರೆ 909 ಮತ್ತು 749, ಅಂತರ 160. ಅದನ್ನೂ 32ರಿಂದ ಭಾಗಿಸಲು ಬೇಲದ ಬೆಲೆ 5 ಬರುತ್ತದೆ.

ಸಂಖ್ಯೆಗಳನ್ನು ಚೌಕಟ್ಟಿನಲ್ಲಿ ಜೋಡಿಸಿದ 'ಮಾತೃಕೆ'ಗಳ ಬೀಜಗಣಿತವನ್ನು ಇಂಗ್ಲೆಂಡಿನ ಆರ್ಥರ್ ಕೇಲಿಯು ವಿವರಿಸಿದ್ದು 1858ರಲ್ಲಿ, ಸಾವಿರ ವರ್ಷಗಳ ಅನಂತರ. ಆ ರೀತಿಯಲ್ಲಿ ಬರೆದರೆ ಮೊದಲ ಅಡ್ಡಸಾಲು 9, 7. ಎರಡನೆಯದು 7, 9. ತಿಳಿಯಬೇಕಾದ ಬೆಲೆಗಳು ಒಂದು ಕಂಬಸಾಲು. ಅಡ್ಡಸಾಲಿನ ಸಂಖ್ಯೆಗಳನ್ನು ಕಂಬಸಾಲಿನ ಸಂಖ್ಯೆಗಳಿಂದ ಕ್ರಮವಾಗಿ ಗುಣಿಸಿ ಕೂಡಿದರೆ 107, 101 ದೊರೆಯಬೇಕು. ಈ ಮಾತೃಕೆಯ ನಿರ್ಧಾರಕ 81ರಲ್ಲಿ 49 ಕಳೆದ 32; ಆಚಾರ್ಯನ ಭಾಜಕವೂ ಅದೇ! 9, −7 ಮತ್ತು −7, 9 ಎಂಬ ಸಾಲುಗಳನ್ನು 32ರಿಂದ ಭಾಗಿಸಿದರೆ ವಿಲೋಮ ಮಾತೃಕೆ. ಅದನ್ನು ಎಡಗಡೆಯಿಂದಲೇ ಗುಣಿಸಬೇಕು. ಮಾತೃಕೆಗಳ ಗುಣಾಕಾರದಲ್ಲಿ ಎಡಬಲಗಳನ್ನು ಬದಲಿಸುವಂತಿಲ್ಲ. ಆಗ 8, 5 ಎಂಬ ಉತ್ತರ ಹೊರಬೀಳುತ್ತದೆ. ಮಾತೃಕೆಯೆಂಬ ಮಾತೇ ಇಲ್ಲದ ಕಾಲದಲ್ಲಿ ಆಚಾರ್ಯನು ಮಾಡಿದ ಲೆಕ್ಕವೂ ಇದುವೇ.

ಒಂದೆಡೆ ಆತನು ಎಡವಿದ್ದಾನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲವೆಂದು ಬರೆದುದು ಸರಿಯಲ್ಲ. ಹಣ್ಣಿನ ಲೆಕ್ಕದಲ್ಲಿಯೇ ಇದನ್ನು ಪರೀಕ್ಷಿಸಬಹುದು. ಎರಡು ಸಲವೂ 9 ಮಾದಳ, 9 ಬೇಲ ಕೊಂಡಿದ್ದರೆ ಭಾಜಕವು ಸೊನ್ನೆಯಾಗುತ್ತದೆ. ಎರಡನೆಯ ವ್ಯಾಪಾರ ಹೊಸದೇನನ್ನೂ ತಿಳಿಸುವುದಿಲ್ಲ. ಬೇರೆಬೇರೆ ಬೆಲೆಯನ್ನು ಯಾರಿಂದಲೂ ಹೇಳಲಾಗದು. ಅಂಥ ಮಾತೃಕೆಗೆ ವಿಲೋಮವಿಲ್ಲ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಹೇಳಿದವನೂ ಈತನೇ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು 'ವ್ಯವಹಾರಗಣಿತ'ವೇ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಆ ಪೂವಿನಬಾಗೆಯು ಜುಗೂಳದ ಸೀಮೆಯಲ್ಲಿಯೇ ಇರುವ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. 'ಗಣಿತಸಾರಸಂಗ್ರಹ'ದ ಓಲೆಗರಿಗಳನ್ನು ಹುಡುಕಿ ತೆಗೆದು, ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ರಲ್ಲಿ ಹೊಂಬುಜದ ಜೈನಮಠದಿಂದ ಪ್ರಕಟವಾಯಿತು.