ಬಿಗಿದ ನಾಳವೋ, ದಪ್ಪಗಟ್ಟಿದ ನಾಳವೋ: ಪಾಲ್ ವುಡ್ ಅವರ ಬದುಕು

ರಕ್ತ ಪರಿಚಲನೆಯ ಪಾಠದಲ್ಲಿ ನಾವು ಕಪ್ಪು ಹಲಗೆಯ ಮೇಲೆ ಎರಡು ಸುತ್ತುಗಳನ್ನು ಬರೆಯುತ್ತೇವೆ: ಒಂದು ಹೃದಯದಿಂದ ದೇಹಕ್ಕೆ, ಇನ್ನೊಂದು ಹೃದಯದಿಂದ ಶ್ವಾಸಕೋಶಕ್ಕೆ. ರಕ್ತದೊತ್ತಡದ ಮಾತು ಬಂದಾಗ ಮಾತ್ರ ಮೊದಲ ಸುತ್ತಿನ 120/80 ಎಂದು ಹೇಳಿ ಮುಗಿಸುತ್ತೇವೆ. ಎರಡನೆಯ ಸುತ್ತಿನಲ್ಲೂ ಒತ್ತಡವಿದೆ. ಆರೋಗ್ಯವಂತರ ಶ್ವಾಸಕೋಶದ ಅಪಧಮನಿಯಲ್ಲಿ ಅದರ ಸರಾಸರಿ ಸುಮಾರು 14 ಮಿ.ಮೀ. ಪಾದರಸ. ಅದು ಬಹಳ ಏರಿದರೆ ತೆಳುಗೋಡೆಯ ಬಲ ಹೃತ್ಕುಕ್ಷಿ ಕ್ರಮೇಣ ಸೋಲುತ್ತದೆ. ಈ ಏರಿಕೆಯ ಕಾರಣಗಳನ್ನು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು ಹೃದ್ರೋಗ ತಜ್ಞ ಪಾಲ್ ಹ್ಯಾಮಿಲ್ಟನ್ ವುಡ್.

ವುಡ್ ಹುಟ್ಟಿದ್ದು 1907ರಲ್ಲಿ, ನೀಲಗಿರಿಯ ಕೂನೂರಿನಲ್ಲಿ. ವೈದ್ಯ ಪದವಿ ಪಡೆದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. 1930ರ ದಶಕದಲ್ಲಿ ಲಂಡನ್ನಿಗೆ ಬಂದು ಅಲ್ಲಿಯೇ ನೆಲೆಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎದೆ ಬಡಿತ ಮತ್ತು ಉಬ್ಬಸವೆಂದು ಬಂದ ಸೈನಿಕರನೇಕರ ಹೃದಯ ಗಟ್ಟಿಯಾಗಿಯೇ ಇದೆ, ಅವರನ್ನು ಕಾಡುತ್ತಿರುವುದು ಆತಂಕ ಎಂದು ಅವರು ತೋರಿಸಿದರು. 1950ರಲ್ಲಿ ಅವರ ಹೃದ್ರೋಗ ಪಠ್ಯಪುಸ್ತಕ ಪ್ರಕಟವಾಯಿತು. ಲಂಡನ್ನಿನ ರಾಷ್ಟ್ರೀಯ ಹೃದ್ರೋಗ ಆಸ್ಪತ್ರೆಯಲ್ಲಿ ಅವರ ಪಾಠ ಕೇಳಲು ಹಲವು ದೇಶಗಳ ವೈದ್ಯರು ಬರುತ್ತಿದ್ದರು.

ಅವರ ಬೋಧನೆಯ ಕ್ರಮ ನಮ್ಮ ಗಮನಕ್ಕೆ ಅರ್ಹ. ಮೊದಲು ರೋಗಿಯ ಕತ್ತಿನ ರಕ್ತನಾಳದ ಮಿಡಿತವನ್ನು ನೋಡಬೇಕು, ಎದೆಯ ಮೇಲೆ ಕೈಯಿಡಬೇಕು, ಸ್ಟೆತಸ್ಕೋಪಿನಿಂದ ಆಲಿಸಬೇಕು, ಆಮೇಲೆ ನಿರ್ಣಯ. ಆ ಕಾಲಕ್ಕೆ ಹೊಸದಾಗಿ ಬಳಕೆಗೆ ಬರುತ್ತಿದ್ದ ಕ್ಯಾತಿಟರ್ ಎಂಬ ತೆಳು ನಳಿಕೆಯನ್ನು ರಕ್ತನಾಳದ ಮೂಲಕ ಹೃದಯದೊಳಗೆ ಕಳಿಸಿ ಒತ್ತಡ ಅಳೆದಾಗ, ಮೊದಲಿನ ನಿರ್ಣಯ ಸರಿಯೋ ತಪ್ಪೋ ಗೊತ್ತಾಗುತ್ತಿತ್ತು. ಊಹೆ ಮೊದಲು, ಅಳತೆ ಆಮೇಲೆ. ತಪ್ಪಾದ ಊಹೆಯೂ ಅಲ್ಲಿ ಒಂದು ಪಾಠವೇ.

ಮೈಟ್ರಲ್ ಕವಾಟ ಕಿರಿದಾದ ರೋಗಿಗಳಲ್ಲಿ ಕೆಲವರ ಶ್ವಾಸಕೋಶದ ಒತ್ತಡ ಮಿತಿಮೀರಿ ಏರುತ್ತಿತ್ತು. ಹೃದಯದೊಳಗಿನ ಗೋಡೆಯಲ್ಲಿ ಹುಟ್ಟಿನಿಂದ ರಂಧ್ರವಿದ್ದ ಕೆಲವರಲ್ಲೂ ಹಾಗೆಯೇ. ಶ್ವಾಸಕೋಶದ ಸಣ್ಣ ಅಪಧಮನಿಗಳು ಕಿರಿದಾಗಿವೆ ಎಂಬುದು ಸ್ಪಷ್ಟವಿತ್ತು. ಅವುಗಳ ಗೋಡೆಯ ಸ್ನಾಯು ಬಿಗಿದುಕೊಂಡಿದೆಯೋ, ಗೋಡೆಯೇ ದಪ್ಪಗಟ್ಟಿದೆಯೋ ಎಂಬುದು ಪ್ರಶ್ನೆಯಾಗಿತ್ತು. ಬಿಗಿತ ಸಡಿಲಬಹುದು, ದಪ್ಪಗಟ್ಟಿದ್ದು ಹಾಗೆ ಸಡಿಲುವುದಿಲ್ಲ.

ಉತ್ತರಕ್ಕಾಗಿ ವುಡ್ ಬಳಸಿದ್ದು ಅಸಿಟೈಲ್‌ಕೋಲಿನ್ ಎಂಬ ರಕ್ತನಾಳ ಹಿಗ್ಗಿಸುವ ವಸ್ತು. ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಕ್ಯಾತಿಟರ್ ಮೂಲಕ ನೇರವಾಗಿ ಶ್ವಾಸಕೋಶದ ಅಪಧಮನಿಗೆ ಬಿಟ್ಟರು. ರಕ್ತದಲ್ಲಿರುವ ಕಿಣ್ವ ಅದನ್ನು ಕ್ಷಣಗಳಲ್ಲಿ ಒಡೆದುಹಾಕುವುದರಿಂದ ಅದರ ಪರಿಣಾಮ ಬಹುಮಟ್ಟಿಗೆ ಶ್ವಾಸಕೋಶಕ್ಕೇ ಸೀಮಿತ. ದೇಹದ ಒತ್ತಡ ಕುಸಿಯುವುದಿಲ್ಲ. ಮೈಟ್ರಲ್ ರೋಗಿಗಳಲ್ಲಿ ಅನೇಕರ ಶ್ವಾಸಕೋಶದ ಒತ್ತಡ ಆಗ ಇಳಿಯಿತು. ಅಂದರೆ ಅಲ್ಲಿ ಬಿಗಿತದ ಪಾಲು ದೊಡ್ಡದು. ಶಸ್ತ್ರಕ್ರಿಯೆಯಿಂದ ಕವಾಟ ಬಿಡಿಸಿದರೆ ಒತ್ತಡ ಇಳಿಯುವ ಆಸೆಯಿದೆ.

ಹುಟ್ಟು ರಂಧ್ರದ ಕಥೆ ಬೇರೆ. 1958ರಲ್ಲಿ ವುಡ್ ಐಸೆನ್‌ಮೆಂಗರ್ ಲಕ್ಷಣಕೂಟದ 127 ರೋಗಿಗಳ ವಿವರ ನೀಡಿದರು. ಇವರಲ್ಲಿ ಶ್ವಾಸಕೋಶದ ನಾಳಗಳ ತಡೆ ಎಷ್ಟು ಹೆಚ್ಚಿತ್ತೆಂದರೆ, ಆಮ್ಲಜನಕ ಕಡಿಮೆಯಿರುವ ರಕ್ತ ರಂಧ್ರದ ಮೂಲಕ ಹಿಮ್ಮುಖವಾಗಿ ದೇಹದ ಕಡೆಗೆ ನುಗ್ಗುತ್ತಿತ್ತು. ಇಂಥವರ ರಂಧ್ರ ಮುಚ್ಚುವುದು ಉಪಕಾರವಲ್ಲ, ಅಪಾಯ. ಬಲ ಹೃತ್ಕುಕ್ಷಿಗೆ ಇದ್ದ ಒಂದೇ ದಾರಿ ಮುಚ್ಚಿದಂತಾಗುತ್ತದೆ. ಯಾರಿಗೆ ಶಸ್ತ್ರಕ್ರಿಯೆ ಬೇಡ ಎಂದು ಹೇಳುವುದೂ ಜೀವ ಉಳಿಸುವ ವಿದ್ಯೆ ಎಂಬುದನ್ನು ಈ ಕೆಲಸ ಸ್ಥಾಪಿಸಿತು.

1962ರಲ್ಲಿ, 54ನೆಯ ವಯಸ್ಸಿನಲ್ಲಿ, ವುಡ್ ಹೃದಯಾಘಾತದಿಂದ ತೀರಿಕೊಂಡರು. ಅಸಿಟೈಲ್‌ಕೋಲಿನ್ ನಾಳವನ್ನು ಹೇಗೆ ಹಿಗ್ಗಿಸುತ್ತದೆ ಎಂಬುದು ಅವರ ಕಾಲಕ್ಕೆ ತಿಳಿದಿರಲಿಲ್ಲ. ನಾಳದ ಒಳಪದರವು ಹೊರಡಿಸುವ ಒಂದು ಸಂಕೇತದಿಂದ ಸ್ನಾಯು ಸಡಿಲುತ್ತದೆ ಎಂದು ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದರು. ಆ ಸಂಕೇತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಈ ಸಂಶೋಧನೆಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದು ಅದೇ ಅನಿಲವನ್ನು ಉಸಿರಿನೊಂದಿಗೆ ಕೊಟ್ಟು, ಒತ್ತಡ ಇಳಿಯುತ್ತದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ವುಡ್ ಕೇಳಿದ ಪ್ರಶ್ನೆಯೇ ಇದು. ವಸ್ತು ಮಾತ್ರ ಬದಲಾಗಿದೆ.

ಬೋಧನಾಭ್ಯಾಸದಲ್ಲಿ ಈ ಜೀವನವನ್ನು ಬಳಸುವವರು ಎರಡು ಪೈಪುಗಳನ್ನು ತರಗತಿಗೆ ಒಯ್ಯಬಹುದು: ಒಂದು ಕೈಯಿಂದ ಹಿಚುಕಿದ ರಬ್ಬರ್ ಪೈಪು, ಇನ್ನೊಂದು ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡ ಹಳೆಯ ನಲ್ಲಿಯ ಕೊಳವೆ. ಎರಡರಲ್ಲೂ ನೀರು ಸಣ್ಣಗೆ ಬರುತ್ತದೆ. ಕೈ ಸಡಿಲಿಸಿದರೆ ಯಾವುದರಲ್ಲಿ ನೀರು ಹೆಚ್ಚುತ್ತದೆ ಎಂದು ಮಕ್ಕಳನ್ನು ಮೊದಲು ಕೇಳಿ, ಅವರ ಉತ್ತರವನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ಕೈ ಸಡಿಲಿಸಿ.