ಶೂ ಮೇಲಿನ ಸಹಿ

ಮಗಳು ತನ್ನ ಮೊದಲ ಸಂಬಳದಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡು ತಂದಳು. ಬಟ್ಟೆ ಶೂಗೆ ಇಷ್ಟೊಂದು ದುಡ್ಡೇ ಎಂದು ನಾನು ಗೊಣಗಿದೆ. ಒಂದು ದಿನ ಒರೆಸಿಡುವಾಗ ಅದರ ದುಂಡು ಪಟ್ಟಿಯಲ್ಲಿ ನಕ್ಷತ್ರದ ಜೊತೆಗೆ ಒಂದು ಸಹಿ ಕಂಡಿತು: ಚಕ್ ಟೇಲರ್. ಯಾರೋ ಫ್ಯಾಷನ್ ಡಿಸೈನರ್ ಇರಬೇಕೆಂದುಕೊಂಡೆ. ಹುಡುಕಿ ಓದಿದರೆ, ಅವರು ಊರೂರು ತಿರುಗುತ್ತಿದ್ದ ಸೇಲ್ಸ್‌ಮನ್!

ಚಾರ್ಲ್ಸ್ ಟೇಲರ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಹೈಸ್ಕೂಲಿನಿಂದಲೇ ಬಾಸ್ಕೆಟ್‌ಬಾಲ್ ಹುಚ್ಚು. ಕಾನ್ವರ್ಸ್ ಕಂಪನಿ 1917ರಲ್ಲಿ ಆಲ್ ಸ್ಟಾರ್ ಶೂ ಹೊರತಂದಿತ್ತು. ಕೆಲವು ವರ್ಷಗಳ ನಂತರ ಟೇಲರ್ ಅಲ್ಲಿ ಕೆಲಸಕ್ಕೆ ಸೇರಿದರು. ಕಾರಿನ ಡಿಕ್ಕಿಯಲ್ಲಿ ಶೂ ತುಂಬಿಕೊಂಡು ಊರಿಂದೂರಿಗೆ ಹೋಗುವುದು, ಶಾಲಾ ಕಾಲೇಜುಗಳಲ್ಲಿ ಮಕ್ಕಳಿಗೆ ಆಟ ಕಲಿಸುವುದು, ಕೋಚ್‌ಗಳ ಸ್ನೇಹ ಬೆಳೆಸುವುದು, ಶೂ ಬೇಕೆಂದವರನ್ನು ಅದೇ ಊರಿನ ಅಂಗಡಿಗೆ ಕಳಿಸುವುದು. ಹೋಟೆಲ್ ಕೋಣೆಗಳೇ ಮನೆ. ಹೀಗೆ ದಶಕಗಳು ಕಳೆದವು.

1930ರ ದಶಕದಲ್ಲಿ ಕಂಪನಿ ಅವರ ಸಹಿಯನ್ನು ಶೂ ಮೇಲೆ ಹಾಕಿತು. ಆದರೆ ಅವರಿಗೆ ಸಿಗುತ್ತಿದ್ದುದು ಸಂಬಳ ಮತ್ತು ತಿರುಗಾಟದ ಖರ್ಚು ಮಾತ್ರ. ಮಾರಾಟವಾದ ಜೋಡಿಗಳಲ್ಲಿ ಪಾಲಿರಲಿಲ್ಲ. 1969ರಲ್ಲಿ ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಅದೇ ವರ್ಷ ಜೂನ್ 23ರಂದು, 68ನೇ ಹುಟ್ಟುಹಬ್ಬಕ್ಕೆ ಒಂದೇ ದಿನ ಇರುವಾಗ, ಫ್ಲಾರಿಡಾದಲ್ಲಿ ತೀರಿಕೊಂಡರು.

ಆಮೇಲೆ ಚರ್ಮದ ಹೊಸ ಶೂಗಳು ಬಂದವು, ಆಟಗಾರರು ಕ್ಯಾನ್ವಾಸ್ ಬಿಟ್ಟರು. ಅದನ್ನು ಎತ್ತಿಕೊಂಡವರು ರಾಕ್ ಸಂಗೀತಗಾರರು, ಕಾಲೇಜು ಹುಡುಗ ಹುಡುಗಿಯರು. ಕಂಪನಿ 2001ರಲ್ಲಿ ದಿವಾಳಿಯಾಯಿತು, 2003ರಲ್ಲಿ ನೈಕಿ ಕೊಂಡುಕೊಂಡಿತು. ಮುಂದೆ ಜಪಾನಿನ ರೇ ಕವಾಕುಬೊ ಎಂಬ ಮಹಿಳೆ ಕಟ್ಟಿದ ಕಾಮ್ ದೆ ಗಾರ್ಸೋನ್ ಸಂಸ್ಥೆಯ ಪುಟ್ಟ ಹೃದಯದ ಗುರುತು ಈ ಶೂ ಮೇಲೆ ಬಂತು. 2013ರಲ್ಲಿ ಪ್ಯಾರಿಸಿನ ಮಾರ್ಜೆಲಾ ಇಡೀ ಶೂಗೆ ಬಿಳಿ ಬಣ್ಣ ಬಳಿದು ಮಾರಿತು. ತೊಟ್ಟಂತೆಲ್ಲ ಬಣ್ಣ ಬಿರಿದು ಒಳಗಿನ ಹಳೆಯ ಬಣ್ಣ ಕಾಣಿಸುತ್ತಿತ್ತು.

ಇದನ್ನೆಲ್ಲ ಓದುವಾಗ ನನಗೆ ಅಪ್ಪ ನೆನಪಾದರು. ಅವರೂ ಔಷಧಿ ಕಂಪನಿಯ ಪ್ರತಿನಿಧಿ. ಡೊಂಬಿವಿಲಿಯಿಂದ ನಾಸಿಕ, ಜಳಗಾಂವ್ ಕಡೆ ಸ್ಯಾಂಪಲ್ ಬ್ಯಾಗು ಹಿಡಿದು ಹೊರಟರೆ ಹತ್ತು ದಿನ ಮನೆಗೆ ಬರುತ್ತಿರಲಿಲ್ಲ. ನಮ್ಮ ಪರೀಕ್ಷೆ, ಜ್ವರ, ಹಬ್ಬ ಎಲ್ಲ ಅಮ್ಮನ ಪಾಲಿಗೆ. ಅಪ್ಪ ಯಾಕೆ ಮನೆಯಲ್ಲಿರುವುದಿಲ್ಲ ಎಂದು ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಆ ತಿರುಗಾಟದಲ್ಲೇ ನಮ್ಮ ಫೀಸು ಹುಟ್ಟುತ್ತಿತ್ತು ಎಂದು ತಿಳಿಯುವಷ್ಟರಲ್ಲಿ ಅವರಿರಲಿಲ್ಲ. ಅವರ ಹೆಸರು ಯಾವ ಔಷಧಿ ಡಬ್ಬಿಯ ಮೇಲೂ ಅಚ್ಚಾಗಲಿಲ್ಲ, ಅಮ್ಮನದಂತೂ ಎಲ್ಲೂ ಇಲ್ಲ.

ಅಂದು ಸಂಜೆ ಮಗಳಿಗೆ ಟೇಲರ್ ಕಥೆಯ ಜೊತೆಗೆ ಅಜ್ಜ ಅಜ್ಜಿಯ ಕಥೆಯನ್ನೂ ಹೇಳಿದೆ. ಶೂ ಲೇಸು ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಗೆಳತಿಯರೇ, ನಿಮ್ಮ ಮನೆಯಲ್ಲೂ ಇಂಥವರು ಇರುತ್ತಾರೆ. ಅವರ ಕಥೆಯನ್ನು ಮಕ್ಕಳಿಗೆ ಹೇಳಿಬಿಡಿ.